ಚೈನ್‌ಸಾ ಮುಳ್ಳಿಗೆ ಅರ ಹಾಕುವ ಮೊದಲು

ನಮ್ಮ ಕೊಟ್ಟಿಗೆಯ ಗೋಡೆಯಲ್ಲಿ ಒಂದು ಮೊಳೆ ಇದೆ. ಅದರಲ್ಲಿ ಮೂರು ಕಬ್ಬಿಣದ ಪಟ್ಟಿಗಳು ನೇತಾಡುತ್ತಿವೆ. ಮೂರೂ ಚೈನ್‌ಸಾದ, ಅಂದರೆ ಮರ ಕೊಯ್ಯುವ ಮಿಷನ್ನಿನ ಮುಳ್ಳುಗಳು, ಮೂರೂ ಕೆಟ್ಟವು. ಎರಡನ್ನು ನಾನೇ ಕೆಡಿಸಿದೆ. ಒಂದನ್ನು ದುಡ್ಡು ಕೊಟ್ಟು ಕೆಡಿಸಿಕೊಂಡೆ. ನಾಲ್ಕನೆಯದು ಮಿಷನ್ನಿನ ಮೇಲಿದೆ, ಆರು ವರ್ಷದಿಂದ ದುಡಿಯುತ್ತಿದೆ. ನಮ್ಮಲ್ಲಿಗೆ ಮಿಷನ್ ಕಡ ಕೇಳಲು ಬಂದವರೆಲ್ಲ ಮೊದಲು ಅದನ್ನೇ ಮುಟ್ಟಿ ನೋಡುತ್ತಾರೆ. ‘ಇದೇನು ಇಷ್ಟು ಚೂಪು, ಎಲ್ಲಿ ಮಾಡಿಸಿದ್ರಿ?’ ಅಂತಾರೆ. ಮಾಡಿಸಿದ್ದಲ್ಲ, ಮಾಡಿದ್ದು. ಹೇಗೆ ಅಂತ ಇಲ್ಲಿ ಬರೆಯುತ್ತೇನೆ.

ನಮ್ಮದು ಕೊಪ್ಪದ ಕಡೆ. ಸ್ವಲ್ಪ ಅಡಿಕೆ, ಅದಕ್ಕಿಂತ ಸ್ವಲ್ಪ ಜಾಸ್ತಿ ಕಾಫಿ. ಅಪ್ಪ ನೆರಳಿಗೆ ಅಂತ ಹಾಕಿದ್ದ ಸಿಲ್ವರ್ ಓಕ್‌ಗಳು ಈಗ ಅರವತ್ತು ಎಪ್ಪತ್ತು ಅಡಿ ಹೋಗಿವೆ. ವರ್ಷಕ್ಕೆ ಹತ್ತು ಹದಿನೈದು ಮರ ತೆಗೆಯುತ್ತೇವೆ. ಮಳೆಗಾಲದಲ್ಲಿ ದಾರಿಗೆ ಅಡ್ಡ ಬಿದ್ದದ್ದು, ಮರಗಸಿಯಲ್ಲಿ (ನೆರಳಿನ ಮರ ಸವರುವಾಗ) ಇಳಿಸಿದ ಕೊಂಬೆ, ಬಚ್ಚಲ ಒಲೆಗೆ ಅಕೇಶಿಯಾ, ಎಲ್ಲ ಸೇರಿದರೆ ಮಿಷನ್ನಿಗೆ ಪುರುಸೊತ್ತೇ ಇಲ್ಲ. ನನ್ನದು 45 ಸಿ.ಸಿ., 18 ಇಂಚಿನ ಬಾರ್ (ಚೈನ್ ಸುತ್ತುವ ಉದ್ದನೆಯ ಪಟ್ಟಿ). ಭಾವನದ್ದು 72 ಸಿ.ಸಿ.ಯ ದೊಡ್ಡದು. ಬೇಕಾದಾಗ ಅದಲು ಬದಲು ಮಾಡಿಕೊಳ್ಳುತ್ತೇವೆ.

ಮುಳ್ಳು ಅಂದರೆ ಯಾವುದು ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬಾರಿನ ಬುಡದಲ್ಲಿ, ಇಂಜಿನ್ನಿನ ಮೂತಿಗೆ ಎರಡು ಸ್ಕ್ರೂ ಹಾಕಿ ಕೂರಿಸಿದ ಹಲ್ಲುಹಲ್ಲಾದ ಪಟ್ಟಿ ಇರುತ್ತದಲ್ಲ, ಅದೇ. ಮಿಷನ್ ಜೊತೆ ಬರುವ ಪುಸ್ತಕದಲ್ಲಿ ಬಂಪರ್ ಸ್ಪೈಕ್ ಅಂತ ಇರುತ್ತದೆ. ಅಮೆರಿಕದ ಮರ ಕಡಿಯುವವರು ಡಾಗ್ ಅಂತಾರೆ. ನಮ್ಮಲ್ಲಿ ಕೆಲಸಕ್ಕೆ ಬರುವವರಿಗೆ ಅದು ಮುಳ್ಳು. ಆ ಹೆಸರೇ ಸರಿಯಾಗಿದೆ.

ಹಾರೆಯಲ್ಲಿ ಕಲ್ಲು ಮೀಟುವಾಗ ಕೆಳಗೆ ಒಂದು ಸಣ್ಣ ಕಲ್ಲು ಕೊಡುತ್ತೇವೆ. ಮುಳ್ಳು ಮಾಡುವುದು ಆ ಸಣ್ಣ ಕಲ್ಲಿನ ಕೆಲಸ. ಮುಳ್ಳನ್ನು ದಿಮ್ಮಿಗೆ ಊರಿ ಹಿಂದಿನ ಹಿಡಿಯನ್ನು ಮೇಲೆತ್ತಿದರೆ ಬಾರ್ ಮರದೊಳಗೆ ಇಳಿಯುತ್ತದೆ. ರಟ್ಟೆಯಿಂದ ಒತ್ತಬೇಕಾಗಿಲ್ಲ. ಇನ್ನೊಂದು ಕೆಲಸವೂ ಇದೆ. ಬಾರಿನ ಕೆಳಬದಿಯಿಂದ ಕೊಯ್ಯುವಾಗ ಚೈನ್ ಮಿಷನ್ನನ್ನು ಮರದ ಕಡೆಗೆ ಎಳೆಯುತ್ತದೆ. ಮುಳ್ಳು ಊರಿಕೊಂಡಿದ್ದರೆ ಆ ಎಳೆತ ಅದರ ಮೇಲೆ ಬೀಳುತ್ತದೆ. ಇಲ್ಲದಿದ್ದರೆ ನಿಮ್ಮ ಸೊಂಟದ ಮೇಲೆ. ಮೇಲ್ಬದಿಯಿಂದ ಕೊಯ್ಯುವಾಗ ಚೈನ್ ಮಿಷನ್ನನ್ನು ನಮ್ಮ ಕಡೆಗೇ ತಳ್ಳುತ್ತದೆ. ಅಲ್ಲಿ ಎಂಥ ಮುಳ್ಳಿದ್ದರೂ ಉಪಯೋಗವಿಲ್ಲ.

ಅರ ಎತ್ತಿಕೊಳ್ಳುವ ಮೊದಲು ಚೈನ್ ನೋಡಿ. ಮುಳ್ಳಿನ ಬಗ್ಗೆ ದೂರು ಹೇಳುವ ಹತ್ತು ಜನರಲ್ಲಿ ಏಳೆಂಟು ಜನರ ಚೈನ್ ಮೊಂಡಾಗಿರುತ್ತದೆ. ಮರದಿಂದ ಉಗುರಿನಷ್ಟು ದೊಡ್ಡ ಚಕ್ಕೆ ಹಾರಬೇಕು. ಹಿಟ್ಟು ಬರುತ್ತಿದ್ದರೆ ಮುಳ್ಳಿಗೆ ಏನು ಮಾಡಿಯೂ ಪ್ರಯೋಜನ ಇಲ್ಲ. ಮೊಂಡು ಚೈನಿಗೆ ಚೂಪು ಮುಳ್ಳು ಹಾಕಿದರೆ ಆಗುವುದು ಇಷ್ಟೇ: ಮೀಟಿ ಮೀಟಿ ಬಾರ್ ಕಾಯಿಸುತ್ತೀರಿ, ಕ್ಲಚ್ ಸುಡುತ್ತೀರಿ. ನನ್ನ ಮಿಷನ್ನಿನ ಚೈನ್ .325 ಪಿಚ್ಚಿನದ್ದು (ಪಿಚ್ ಅಂದರೆ ಚೈನ್ ಕೊಂಡಿಗಳ ಅಂತರದ ಅಳತೆ), ಅದಕ್ಕೆ 4.8 ಮಿ.ಮೀ. ದುಂಡು ಅರ. ಪ್ರತಿ ಸಲ ಪೆಟ್ರೋಲ್ ತುಂಬುವಾಗ ಒಂದೊಂದು ಹಲ್ಲಿಗೆ ಎರಡೆರಡು ಎಳೆತ. ಇಷ್ಟು ಮಾಡಿದ ಮೇಲೂ ಮಿಷನ್ ದಿಮ್ಮಿಯ ಮೇಲೆ ಜಾರುತ್ತಿದ್ದರೆ ಆಗ ಮುಳ್ಳಿನ ಕಡೆ ನೋಡಿ.

ಜಾರುವುದಕ್ಕೆ ಕಾರಣ ಕಣ್ಣಿಗೇ ಕಾಣುತ್ತದೆ. ಚಿಕ್ಕ ಮಿಷನ್ನುಗಳ ಮುಳ್ಳು ತಗಡಿನಿಂದ ಅಚ್ಚೊತ್ತಿ ಕತ್ತರಿಸಿದ್ದು. ತುದಿ ದುಂಡಗೆ, ಮೇಲೆ ದಪ್ಪ ಬಣ್ಣ. ಬೆರಳಿಟ್ಟು ಒತ್ತಿದರೆ ನೋಯುವುದೂ ಇಲ್ಲ. ಹಾಗೆ ಮಾಡಿರುವುದಕ್ಕೆ ಅರ್ಥ ಇದೆ. ಮನೆ ಬಳಕೆಯ ಮಿಷನ್, ಯಾರ ತೊಡೆಗೂ ಚುಚ್ಚಬಾರದು. ದಿನವಿಡೀ ದಿಮ್ಮಿ ಕೊಯ್ಯುವವರಿಗೆ ಮಾತ್ರ ಅದು ಸಾಲುವುದಿಲ್ಲ.

ಈಗ ಗೋಡೆಯ ಮೇಲಿನ ಮೂರರ ಕತೆ.

ಮೊದಲನೆಯದನ್ನು ಲೇತ್ ಅಂಗಡಿಯೊಂದಕ್ಕೆ ಕೊಟ್ಟಿದ್ದೆ. ಅವರು ಗ್ರೈಂಡರ್‌ಗೆ ಹಿಡಿದು ಎರಡೇ ನಿಮಿಷದಲ್ಲಿ ಸೂಜಿ ಮಾಡಿ ಕೊಟ್ಟರು. ನೋಡಲು ಬಲು ಚೆಂದ. ತುದಿಯಲ್ಲಿ ನವಿಲುಗರಿಯ ಹಾಗೆ ನೀಲಿ ಬಣ್ಣ ಬಂದಿತ್ತು, ಅದೂ ಚೆಂದವೇ ಅಂದುಕೊಂಡೆ. ಮಾರನೇ ದಿನ ಹಲಸಿನ ಕೊಂಬೆಯ ಗಂಟಿಗೆ ಊರಿದ್ದೇ, ನಾಲ್ಕು ಹಲ್ಲುಗಳ ತುದಿಯೂ ಬೆಕ್ಕಿನ ಉಗುರಿನಂತೆ ಮಡಚಿಕೊಂಡವು. ಉಕ್ಕು ನೀಲಿಯಾಯಿತು ಅಂದರೆ ಅದರ ಹದ ಹೋಯಿತು ಅಂತ ಅರ್ಥ. ಕತ್ತಿ ಕುಲುಮೆಗೆ ಕೊಟ್ಟು ಗೊತ್ತಿರುವ ನನಗೆ ಇದು ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಎರಡನೆಯದಕ್ಕೆ ನಾನೇ ವೆಲ್ಡಿಂಗ್ ಮಾಡಿ ಹಲ್ಲು ಉದ್ದ ಮಾಡಿದೆ. ಮೂರು ವಾರ ಚೆನ್ನಾಗಿತ್ತು. ಆಮೇಲೊಂದು ದಿನ ವೆಲ್ಡ್ ಪಕ್ಕದಲ್ಲೇ ಬಿರುಕು ಬಿಟ್ಟು ಒಂದು ಹಲ್ಲು ಮುರಿಯಿತು. ತುಂಡು ಚೈನಿಗೆ ಸಿಕ್ಕಿ ಎಲ್ಲಿ ಹಾರಿತೋ ಗೊತ್ತಿಲ್ಲ. ನನಗೂ ತಗಲಲಿಲ್ಲ, ಪಕ್ಕದಲ್ಲಿದ್ದವರಿಗೂ ತಗಲಲಿಲ್ಲ. ಅವತ್ತು ಮತ್ತೆ ಮಿಷನ್ ಸ್ಟಾರ್ಟ್ ಮಾಡಲು ಮನಸ್ಸಾಗಲಿಲ್ಲ. ಮುಳ್ಳಿಗೆ ವೆಲ್ಡಿಂಗ್ ಬೇಡ. ಯಾರು ಏನೇ ಹೇಳಲಿ, ಬೇಡ.

ಮೂರನೆಯದು ನಿಜವಾಗಿ ಪಾಠ ಕಲಿಸಿದ್ದು. ಅದನ್ನು ಅರದಲ್ಲೇ ನಿಧಾನಕ್ಕೆ ಮಾಡಿದ್ದೆ. ಎರಡೂ ಅಂಚನ್ನು ಸಮನಾಗಿ ತೀಡಿ, ಪೆನ್ಸಿಲ್ ಕೆತ್ತಿದ ಹಾಗೆ ತುದಿ ತಂದಿದ್ದೆ. ಆದರೂ ಹಿಡಿ ಪೂರ್ತಿ ಮೇಲೆತ್ತುವ ಹೊತ್ತಿಗೆ ಸರಕ್ ಅಂತ ಮೇಲಕ್ಕೆ ಜಾರುತ್ತಿತ್ತು. ಯಾಕೆ ಅಂತ ಕೊಟ್ಟಿಗೆಯಲ್ಲಿ ಮಿಷನ್ ಆಫ್ ಮಾಡಿಟ್ಟುಕೊಂಡು, ಒಂದು ದಿಮ್ಮಿಗೆ ಊರಿ, ಹಿಡಿ ಎತ್ತಿ ಇಳಿಸಿ ನೋಡಿದೆ. ಆಗ ಕಂಡಿತು.

ನಾವು ಹಿಂದಿನ ಹಿಡಿಯನ್ನು ಮೇಲಕ್ಕೆ ಎತ್ತುತ್ತೇವೆ. ಮರವೂ ಬಾರನ್ನು ಮೇಲಕ್ಕೇ ತಳ್ಳುತ್ತದೆ. ಎರಡೂ ಮೇಲಕ್ಕೆ ಅಂದಮೇಲೆ ಮಿಷನ್ ಇಡಿಯಾಗಿ ಮೇಲೆ ಏಳಬೇಕಿತ್ತು. ಏಳದ ಹಾಗೆ ಹಿಡಿದುಕೊಳ್ಳುವುದು ಮುಳ್ಳು ಮಾತ್ರ. ಅಂದರೆ ಹಲ್ಲಿನ ಮೇಲಂಚು ಮರವನ್ನು ಮೇಲಕ್ಕೆ ಒತ್ತಿ ನಿಂತಿರುತ್ತದೆ. ಭಾರ ಹೊರುವುದು ಮೇಲಂಚು. ಕೆಳಂಚಿಗೆ ಏನೂ ಕೆಲಸ ಇಲ್ಲ. ಮೇಲಂಚು ಇಳಿಜಾರಾಗಿದ್ದರೆ ಜಾರದೆ ಇನ್ನೇನಾಗುತ್ತದೆ? ಸಾಲದ್ದಕ್ಕೆ ಹಿಡಿ ಮೇಲೇರಿದಷ್ಟೂ ಇಡೀ ಮಿಷನ್ ಮುಂದಕ್ಕೆ ಬಗ್ಗುತ್ತದೆ, ಹಲ್ಲಿನ ತುದಿ ಕೆಳಗೆ ನೋಡಲು ಶುರು ಮಾಡುತ್ತದೆ. ಶುರುವಿನಲ್ಲಿ ಚಪ್ಪಟೆ ಇದ್ದ ಮೇಲಂಚೂ ಕೊನೆಗೆ ಇಳಿಜಾರಾಗುತ್ತದೆ.

ಪೆನ್ಸಿಲ್ ತುದಿ ಬೇಡ. ಬೆಕ್ಕಿನ ಉಗುರನ್ನು ತಲೆಕೆಳಗು ಹಿಡಿದ ಹಾಗಿರಬೇಕು. ಮೇಲಂಚು ಚಪ್ಪಟೆ, ತುದಿಗೆ ಬರುವಾಗ ಕೂದಲೆಳೆಯಷ್ಟು ಮೇಲಕ್ಕೆ ಕೊಕ್ಕೆ. ಚೂಪು ಬರಬೇಕಾದದ್ದು ಕೆಳಂಚು ತೀಡುವುದರಿಂದ. ಕೊಕ್ಕೆ ಜಾಸ್ತಿ ಮಾಡಿದಿರೋ, ಮುಳ್ಳು ಕಚ್ಚಿದ್ದನ್ನು ಬಿಡುವುದಿಲ್ಲ. ಒಂದು ಕೊಯ್ತದಲ್ಲಿ ಮೂರು ನಾಲ್ಕು ಸಲ ಮುಳ್ಳು ಬಿಡಿಸಿ ಕೆಳಗೆ ಹಿಡಿಯಬೇಕಾಗುತ್ತದೆ. ಪ್ರತಿ ಸಲ ಕಿತ್ತು ತೆಗೆಯುತ್ತಾ ಕೂತರೆ ಕೆಲಸ ಸಾಗುತ್ತದಾ?

ಇನ್ನು ಮಾಡುವ ಕ್ರಮ.

ಮಿಷನ್ನಿನ ಜೊತೆ ಬಂದ ಮುಳ್ಳನ್ನು ಮುಟ್ಟಬೇಡಿ. ಅದೇ ಮಾಡೆಲ್ಲಿನ ಇನ್ನೊಂದು ಮುಳ್ಳು ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ತನ್ನಿ. ಕೆಟ್ಟರೆ ಹಳೆಯದು ಇದ್ದೇ ಇದೆ. ವಾರಂಟಿಯಲ್ಲಿರುವ ಮಿಷನ್ ಆದರೆ ಸರ್ವಿಸಿಗೆ ಕೊಡುವಾಗ ಹಳೆಯದನ್ನೇ ಹಾಕಿ ಕೊಡಬಹುದು. ಪ್ಲಗ್ಗಿನ ಕ್ಯಾಪ್ ಕಿತ್ತಿಡಿ, ಬಾರ್ ಮತ್ತು ಚೈನ್ ತೆಗೆದಿಡಿ. ಮುಳ್ಳಿನ ಸ್ಕ್ರೂ ನಕ್ಷತ್ರದ ತಲೆಯದ್ದಾಗಿರಬಹುದು. ಸ್ಟಿಲ್ ಕಂಪನಿಯ ಮಿಷನ್ನಿಗೆ ಟಿ-27 ಕೀಲಿ ಬೇಕು. ಎಣ್ಣೆ, ಹೊಟ್ಟು ಎಲ್ಲ ಗಟ್ಟಿಯಾಗಿ ಸ್ಕ್ರೂ ತಲೆ ತುಂಬಿರುತ್ತದೆ. ಮೊದಲು ಮೊಳೆಯಿಂದ ಕೆದಕಿ ತೆಗೆಯಿರಿ. ಇಲ್ಲದಿದ್ದರೆ ಕೀಲಿ ಅರ್ಧ ಕೂತು ತಲೆ ಸವೆದುಹೋಗುತ್ತದೆ.

ಹೊಸ ಮುಳ್ಳನ್ನು ದಪ್ಪ ರಟ್ಟಿನ ಮೇಲಿಟ್ಟು ಸುತ್ತ ಗೆರೆ ಎಳೆದುಕೊಳ್ಳಿ. ನಮ್ಮಲ್ಲಿ ಹಳೇ ಲಗ್ನಪತ್ರಿಕೆಗಳಿಗೆ ಬರವಿಲ್ಲ, ಅದೇ ಆಯಿತು. ಈ ಗೆರೆಯೇ ನಿಮ್ಮ ಅಳತೆ. ಯಾವ ಹಲ್ಲನ್ನು ಎಷ್ಟು ತೀಡಿದಿರಿ, ಒಂದು ಗಿಡ್ಡವಾಯಿತೇ, ಎಲ್ಲ ಅದರ ಮೇಲಿಟ್ಟರೆ ತಿಳಿಯುತ್ತದೆ. ಒಂದು ಹಲ್ಲು ಗಿಡ್ಡ ಆದರೆ ಅದರ ಪಾಲಿನ ಭಾರ ಪಕ್ಕದ್ದಕ್ಕೆ ಹೋಗುತ್ತದೆ.

ಕಬ್ಬಿಣ ಕಚ್ಚಿ ಹಿಡಿಯುವ ವೈಸ್‌ನಲ್ಲಿ ಆದಷ್ಟು ಕೆಳಗೆ, ಹಲ್ಲುಗಳು ಬುಡದವರೆಗೆ ಮಾತ್ರ ಹೊರಗೆ ಕಾಣುವ ಹಾಗೆ ಕಚ್ಚಿಸಿ. ಮೇಲೆ ಹಿಡಿದರೆ ಪಟ್ಟಿ ನಡುಗಿ ಅರ ಕಿರ್‌ರ್ ಅನ್ನುತ್ತದೆ. ಹಲ್ಲು ಜುಮ್ ಅನ್ನುವ ಆ ಸದ್ದು ಬಂದರೆ ಅರ ಕೊಯ್ಯುತ್ತಿಲ್ಲ, ಜಾರುತ್ತಿದೆ ಅಂತ ತಿಳಿಯಿರಿ. ವೈಸ್ ಇಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ. ಕಾಲಲ್ಲಿ ಮೆಟ್ಟಿಕೊಂಡು ಅರ ಹಾಕಲು ಹೋದರೆ ಹೆಬ್ಬೆರಳಿಗೇ ಬಂತು.

ಮೊದಲು ಬಣ್ಣ ಮತ್ತು ಅಚ್ಚೊತ್ತಿದ ಸಿಬಿರು ತೆಗೆಯಿರಿ. ಒಂದು ಬದಿಯ ಅಂಚಿನಲ್ಲಿ ಉಗುರಿಗೆ ತಡೆಯುವಂತೆ ಇರುತ್ತದೆ. ಆಮೇಲೆ ಎಂಟು ಇಂಚಿನ ಚಪ್ಪಟೆ ಅರ ತೆಗೆದುಕೊಂಡು ಕೆಳಂಚು ಶುರು ಮಾಡಿ. ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತಬೇಕು. ಹಿಂದಕ್ಕೆ ಬರುವಾಗ ಎತ್ತಬೇಕು. ನಾನು ಎಣಿಸಿಕೊಂಡು ಮಾಡುತ್ತೇನೆ. ಒಂದು ಹಲ್ಲಿಗೆ ಇಪ್ಪತ್ತು, ಮುಂದಿನದಕ್ಕೆ ಇಪ್ಪತ್ತು, ಹೀಗೆ ಒಂದು ಸುತ್ತು. ಮತ್ತೆ ರಟ್ಟಿನ ಮೇಲಿಟ್ಟು ನೋಡುವುದು. ಒಂದೇ ಹಲ್ಲನ್ನು ಹಿಡಿದು ಮುಗಿಸಿಬಿಡೋಣ ಅಂತ ಹೊರಟರೆ ಉಳಿದವು ಅದಕ್ಕೆ ಹೊಂದುವುದೇ ಇಲ್ಲ.

ಎರಡು ಹಲ್ಲಿನ ನಡುವಿನ ಸಂದನ್ನು ಎರಡು ಮಿಲಿಮೀಟರ್ ಆಳ ಮಾಡಿ. ಇದಕ್ಕೆ ಚೈನ್ ಅರೆದು ಸವೆದ ದುಂಡು ಅರವೇ ಸಾಕು, ಎಸೆಯಬೇಡಿ. ದುಂಡು ಅರ ಯಾಕೆ ಅಂದರೆ ಸಂದಿನ ತಳ ದುಂಡಗಿರಬೇಕು. ಮುಕ್ಕೋನ ಅರದಲ್ಲಿ ಚೂಪಾಗಿ ಕೊರೆದರೆ ಆ ಮೂಲೆಯಿಂದಲೇ ಒಂದು ದಿನ ಬಿರುಕು ಹೊರಡುತ್ತದೆ. ಸಂದು ಆಳವಾದರೆ ಹಲ್ಲು ಅಷ್ಟೂ ಒಳಗೆ ಇಳಿಯುತ್ತದೆ, ಹೊಟ್ಟು ಸಿಪ್ಪೆ ಕಟ್ಟಿಕೊಳ್ಳುವುದಿಲ್ಲ. ಎರಡಕ್ಕಿಂತ ಜಾಸ್ತಿ ಬೇಡ, ಹಲ್ಲಿನ ಬುಡ ಸಣ್ಣವಾಗುತ್ತದೆ.

ಮೇಲಂಚು ಕೊನೆಗೆ. ಇಲ್ಲಿ ನಾಲ್ಕೈದು ಎಳೆತ ಸಾಕು. ಕೊಕ್ಕೆ ಎಷ್ಟು ಬೇಕು ಅಂದರೆ, ಮೇಲಂಚಿನ ಮೇಲೆ ಸ್ಕೇಲ್ ಇಟ್ಟು ಬೆಳಕಿಗೆ ಹಿಡಿದಾಗ ಬುಡದ ಹತ್ತಿರ ಒಂದು ಪೋಸ್ಟ್‌ಕಾರ್ಡ್ ತೂರುವಷ್ಟು ಬೆಳಕು ಕಾಣಬೇಕು. ಅಷ್ಟೇ.

ತುದಿಯನ್ನು ಸೂಜಿ ಮಾಡಬೇಡಿ. ಒಂದು ಮಿಲಿಮೀಟರಿನಷ್ಟು ಚಪ್ಪಟೆ ಉಳಿಸಿ. ಇದು ಅರೆಬರೆ ಕೆಲಸದ ಹಾಗೆ ಕಾಣುತ್ತದೆ, ಕೈ ತಡೆಯುವುದಿಲ್ಲ, ಇನ್ನೆರಡು ಎಳೆತ ಎಳೆಯೋಣ ಅನ್ನಿಸುತ್ತದೆ. ತಡೆದುಕೊಳ್ಳಿ. ಸೂಜಿ ತುದಿ ಮೊದಲ ಗಂಟಿಗೇ ಮಡಚುತ್ತದೆ. ಒಂದು ಮಿಲಿಮೀಟರಿನ ತುದಿ ನನ್ನದು ಆರು ವರ್ಷದಲ್ಲಿ ಎರಡೇ ಸಲ ಅರ ಕೇಳಿದೆ.

ಅರ ಹಾಕಿದರೆ ಜಾರುತ್ತಿದೆ, ಗೀರೂ ಬೀಳುತ್ತಿಲ್ಲ ಅಂದರೆ ಆ ಮುಳ್ಳು ಹದ ಕೊಟ್ಟ ಗಟ್ಟಿ ಉಕ್ಕು. ಆಗ ಗ್ರೈಂಡರ್ ಬೇಕಾಗುತ್ತದೆ. ಪಕ್ಕದಲ್ಲಿ ಬಕೆಟ್ ನೀರಿಟ್ಟುಕೊಳ್ಳಿ. ಎರಡು ಸೆಕೆಂಡ್ ತಾಗಿಸಿ, ಅದ್ದಿ. ಬರಿಗೈಯಲ್ಲಿ ಮುಟ್ಟಲಾರದಷ್ಟು ಬಿಸಿಯಾಗಲು ಬಿಡಬೇಡಿ. ಕಣ್ಣಿಗೆ ಕನ್ನಡಕ ಹೇಳಬೇಕಾಗಿಲ್ಲ ತಾನೆ.

ಇಷ್ಟಕ್ಕೆ ನನಗೆ ಒಂದೂವರೆ ಗಂಟೆ ಹಿಡಿಯಿತು. ಮಧ್ಯೆ ಒಂದು ಲೋಟ ಕಾಫಿ.

ಮತ್ತೆ ಕೂರಿಸುವಾಗ ಸ್ಕ್ರೂ ಮತ್ತು ತೂತು ಎರಡನ್ನೂ ಪೆಟ್ರೋಲಿನಲ್ಲಿ ಒರೆಸಿ, ನೀಲಿ ಬಣ್ಣದ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಹಾಕಿ. ಮಿಷನ್ ಅದುರಾಟಕ್ಕೆ ಈ ಎರಡು ಸ್ಕ್ರೂಗಳೇ ಮೊದಲು ಸಡಿಲವಾಗುವುದು. ಕೆಂಪು ಥ್ರೆಡ್‌ಲಾಕರ್ ಹಾಕಿದರೆ ಮುಂದೆ ಬಿಚ್ಚಲು ಕಾಯಿಸಬೇಕಾಗುತ್ತದೆ, ಅದು ಬೇಡ. ಸ್ಕ್ರೂ ಕಚ್ಚುವುದು ಹಗುರ ಲೋಹಕ್ಕೆ. ರಟ್ಟೆ ಬಲ ತೋರಿಸಿದರೆ ತೂತಿನೊಳಗಿನ ಥ್ರೆಡ್ ಕಿತ್ತುಬರುತ್ತದೆ.

ಬಾರ್, ಚೈನ್ ಹಾಕಿದ ಮೇಲೆ ಕೈಯಲ್ಲಿ ಚೈನ್ ಎಳೆದು ಒಂದು ಸುತ್ತು ತಿರುಗಿಸಿ. ಕೈಗೆ ಗ್ಲೌಸ್ ಇರಲಿ. ಎಲ್ಲೂ ಮುಳ್ಳಿಗೆ ತಾಗಬಾರದು. ಚೈನಿನ ಕೆಳಗೆ, ಮುಳ್ಳಿನ ಹತ್ತಿರವೇ ಒಂದು ಚಿಕ್ಕ ತುಂಡು ಇರುತ್ತದೆ. ಚೈನ್ ಕಡಿದು ಹಾರಿದರೆ ನಮ್ಮ ಕೈಗೆ ಬರದ ಹಾಗೆ ಹಿಡಿಯುವುದು ಅದೇ. ಅದಕ್ಕೆ ಅಡ್ಡ ಬರುವಂಥದ್ದು ಏನನ್ನೂ ಮಾಡಬೇಡಿ. ಜಾಗ ಸಾಲದು ಅಂತ ಅದನ್ನೇ ಕಿತ್ತು ಹಾಕಿದವರನ್ನು ನೋಡಿದ್ದೇನೆ. ಏನು ಹೇಳೋದು.

ಪರೀಕ್ಷೆಗೆ ನಾನು ಬಾಳೆ ದಿಂಡು ಇಟ್ಟುಕೊಳ್ಳುತ್ತೇನೆ. ಗೊನೆ ಕಡಿದ ಬಾಳೆಯ ಒಂದು ಮಾರು ತುಂಡು, ನೆಲಕ್ಕೆ ಮಲಗಿಸಿ, ಮಿಷನ್ ಆಫ್ ಇರುವಾಗಲೇ ಮುಳ್ಳು ಒತ್ತಿ ತೆಗೆಯಿರಿ. ಎಲ್ಲ ಹಲ್ಲಿನ ಗುರುತೂ ಒಂದೇ ಆಳಕ್ಕೆ ಮೂಡಿದೆಯಾ ನೋಡಿ. ಒಂದು ಕಡೆ ಆಳ, ಒಂದು ಕಡೆ ತೇಲು ಇದ್ದರೆ ಪಟ್ಟಿ ಸೊಟ್ಟ ಕೂತಿದೆ ಅಥವಾ ಹಲ್ಲು ಗಿಡ್ಡ ಆಗಿದೆ. ಆಮೇಲೆ ಹಿಡಿ ನಿಧಾನಕ್ಕೆ ಎತ್ತಿ. ದಿಂಡಿನ ಪದರ ಮೇಲ್ಮುಖವಾಗಿ ಸೀಳಿದರೆ ಮೇಲಂಚು ಕೆಲಸ ಮಾಡುತ್ತಿದೆ. ಮುಳ್ಳು ಸುಮ್ನೆ ಜಾರಿ ಹೊರಬಂದರೆ ಕೊಕ್ಕೆ ಸಾಲದು.

ಇಲ್ಲಿಗೆ ಕಬ್ಬಿಣದ ಕೆಲಸ ಮುಗಿಯಿತು. ಮರದ ಕೆಲಸ ಇನ್ನೂ ಇದೆ.

ಸಿಲ್ವರ್ ಓಕ್ ತೊಗಟೆ ಬೆರಳು ದಪ್ಪ, ಗೀರು ಗೀರು. ಮೆಣಸಿನ ಬಳ್ಳಿ ಹಬ್ಬಿದ್ದ ಮರವಾದರೆ ಅದರ ಬೇರು, ಒಣಗಿದ ನಾರು ಬೇರೆ. ಮತ್ತಿ ಮರದ ತೊಗಟೆಯಂತೂ ಮೊಸಳೆ ಬೆನ್ನು. ಇಂಥಲ್ಲಿ ಗಿಡ್ಡ ಮುಳ್ಳು ತೊಗಟೆಯನ್ನಷ್ಟೇ ಕಚ್ಚುತ್ತದೆ, ಮೀಟಿದ ಕೂಡಲೇ ತೊಗಟೆ ಕಿತ್ತುಬರುತ್ತದೆ. ಮಳೆಗಾಲದಲ್ಲಿ ಅಕೇಶಿಯಾ ಇನ್ನೂ ಕೆಟ್ಟದ್ದು. ಒಳಗೆ ರಸ ಓಡಾಡುವ ಸಮಯ, ತೊಗಟೆ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಜಾರುತ್ತದೆ.

ಇದಕ್ಕೆ ಉದ್ದ ಮುಳ್ಳು ಹಾಕಬೇಕು ಅಂತ ತುಂಬ ಜನರಿಗೆ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು, ಅದಕ್ಕೇ ಆ ವೆಲ್ಡಿಂಗ್ ಸಾಹಸ. ಉದ್ದ ಮುಳ್ಳುಗಳನ್ನು ಹೆಚ್ಚಾಗಿ ಬಳಸುವುದು ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ. ಅಲ್ಲಿ ಡಗ್ಲಾಸ್ ಫರ್, ರೆಡ್‌ವುಡ್ ಮರಗಳಿವೆ. ಹಳೆಯ ರೆಡ್‌ವುಡ್‌ನ ತೊಗಟೆಯೇ ಒಂದು ಅಡಿಯವರೆಗೆ ದಪ್ಪ ಇರುತ್ತದೆ. ಮೆತ್ತನೆ ನಾರು ನಾರಾದ ತೊಗಟೆ. ಅದನ್ನು ದಾಟಲು ಉದ್ದ ಮುಳ್ಳು ಬೇಕು, ಅವರ ಬಾರೂ ಮೂರು ಅಡಿ ಇರುತ್ತದೆ. ನನ್ನ 18 ಇಂಚಿನ ಬಾರಿಗೆ ಒಂದು ಇಂಚು ಉದ್ದದ ಮುಳ್ಳು ಹಾಕಿದರೆ ಕೊಯ್ಯಲು ಸಿಗುವುದು ಅಷ್ಟು ಕಡಿಮೆ. ಮುಳ್ಳು ಮುಂದೆ ಚಾಚಿದಷ್ಟೂ ಬಾರ್ ಗಿಡ್ಡವಾಯಿತು ಅಂತಲೇ ಲೆಕ್ಕ.

ನಮ್ಮ ಮರಗಳಿಗೆ ಸುಲಭದ ದಾರಿ ಇದೆ. ಕತ್ತಿಯಲ್ಲಿ ಎರಡೇಟು ಹಾಕಿ, ಮುಳ್ಳು ಊರುವ ಜಾಗದಲ್ಲಿ ಅಂಗೈ ಅಗಲ ತೊಗಟೆ ಕೆತ್ತಿ ತೆಗೆಯುವುದು. ಬಿಳೀ ಮರ ಕಾಣಬೇಕು. ಅಲ್ಲಿಗೆ ಮುಳ್ಳು ಊರಿದರೆ ಕಂಪನಿಯ ಮೊಂಡು ಮುಳ್ಳೂ ಸುಮಾರಾಗಿ ನಿಲ್ಲುತ್ತದೆ. ಅರ ಹಾಕಿದ್ದಂತೂ ಅಲ್ಲಾಡುವುದಿಲ್ಲ. ತೊಗಟೆಯೊಳಗಿನ ಮಣ್ಣು ಮರಳು ಚೈನಿಗೆ ತಾಗದೆ ಇರುವುದು ಇನ್ನೊಂದು ಲಾಭ.

ಒಂದೇ ಮಿಷನ್ನಿಗೆ ಎರಡು ಮುಳ್ಳು ಹಾಕುವ ವಿಷಯ ಬೇರೆ. ಚಿಕ್ಕ ಮಿಷನ್ನಿನಲ್ಲಿ ಮುಳ್ಳು ಒಂದೇ, ಬಾರಿನ ಇಂಜಿನ್ ಬದಿಗೆ ಇರುತ್ತದೆ. ಮೀಟುವಾಗ ಮಿಷನ್ ಒಂದು ಕಡೆಗೆ ತಿರುಚಿಕೊಳ್ಳುತ್ತದೆ, ದಪ್ಪ ದಿಮ್ಮಿಯಲ್ಲಿ ಕೊಯ್ತ ವಾಲುತ್ತದೆ. ಬಾರಿನ ಆಚೆ ಬದಿಗೆ, ಕ್ಲಚ್ ಕವರಿನ ಮೇಲೆ ಇನ್ನೊಂದು ಮುಳ್ಳು ಹಾಕಿದರೆ ಎರಡೂ ಕಡೆ ಸಮ ಹಿಡಿತ. ಭಾವನ ದೊಡ್ಡ ಮಿಷನ್ನಿಗೆ ಹಾಕಿದ್ದೇವೆ. ಅದರ ಕವರ್ ಲೋಹದ್ದು. ನನ್ನದು ಪ್ಲಾಸ್ಟಿಕ್, ಹಾಗಾಗಿ ಹಾಕಿಲ್ಲ. ಪ್ಲಾಸ್ಟಿಕ್ಕಿಗೆ ತೂತು ಕೊರೆದು ಬೋಲ್ಟ್ ಹಾಕಿದರೆ ಮೊದಲ ದಪ್ಪ ಮರಕ್ಕೇ ಕವರ್ ಸೀಳುತ್ತದೆ. ಲೋಹದ ಕವರಿಗೆ ಹಾಕುವಾಗ ಬೋಲ್ಟಿನ ತಲೆ ಒಳಗಡೆ ಚೈನಿಗೆ ತಾಗದಷ್ಟು ಚಪ್ಪಟೆ ಇರಬೇಕು, ನಟ್ಟು ಹೊರಗೆ ಬರಬೇಕು. ಒಳಗೆ ಉಬ್ಬಿದರೆ ಹೊಟ್ಟು ಹೊರಹೋಗುವ ದಾರಿಯೂ ಕಟ್ಟುತ್ತದೆ. ಎರಡು ಮುಳ್ಳೂ ಒಂದೇ ಸಾಲಿಗೆ ಬಂದಿವೆಯಾ ಅಂತ ಮತ್ತೆ ಅದೇ ಬಾಳೆ ದಿಂಡು ಹೇಳುತ್ತದೆ.

ಚೂಪು ಮುಳ್ಳಿನಲ್ಲಿ ಕೊಯ್ಯುವುದನ್ನು ಹೊಸದಾಗಿ ಕಲಿಯಬೇಕು. ಅಡ್ಡ ಮಲಗಿದ ದಿಮ್ಮಿ ತುಂಡು ಮಾಡುವಾಗ ಮೊದಲು ಮುಳ್ಳು ಊರಿ, ಹಿಡಿ ಎತ್ತಿ, ಆಚೆ ಬದಿ ಸ್ವಲ್ಪ ಇಳಿಸಿ. ಮುಳ್ಳು ಸಡಿಲಿಸಿ ಈಚೆ ಬದಿ ಇಳಿಸಿ, ಒಂದು ಹಲ್ಲು ಕೆಳಗೆ ಮತ್ತೆ ಊರಿ. ಇಂಜಿನ್ನಿನ ಸದ್ದು ಕೇಳುತ್ತಿರಿ. ಸದ್ದು ದಪ್ಪಗಾಗಿ ಗೊಣಗಲು ಶುರುವಾದರೆ ಮೀಟಿದ್ದು ಜಾಸ್ತಿಯಾಯಿತು. ಕೊನೆಯ ಎರಡು ಇಂಚಿನಲ್ಲಿ ಮೀಟುವುದನ್ನು ಬಿಟ್ಟೇಬಿಡಿ. ತುಂಡು ಬಿದ್ದ ಕೂಡಲೇ ಬಾರಿನ ಮೂತಿ ಧಡಕ್ಕನೆ ಕೆಳಗೆ ಹೋಗುತ್ತದೆ. ಕೆಳಗೆ ಕಲ್ಲಿದ್ದರೆ ಚೈನ್ ಹೋಯಿತು, ಕಾಲಿದ್ದರೆ ಕಾಲು.

ನಿಂತ ಮರ ಬೀಳಿಸುವಾಗ ಇದೇ ಚೂಪು ಇನ್ನೂ ಒಳ್ಳೆಯದೂ ಹೌದು, ಇನ್ನೂ ಅಪಾಯವೂ ಹೌದು. ಬೀಳುವ ಕಡೆ ದಪ್ಪದ ಐದರಲ್ಲೊಂದರಿಂದ ನಾಲ್ಕರಲ್ಲೊಂದು ಪಾಲು ಬಾಯಿ ತೆಗೆಯುತ್ತೇವೆ. ಆಮೇಲೆ ಹಿಂದಿನಿಂದ ಕೊಯ್ದು ಬರುವಾಗ ನಡುವೆ ಹತ್ತರಲ್ಲೊಂದು ಪಾಲು ಕೊಯ್ಯದೆ ಬಿಡಬೇಕು. 20 ಇಂಚಿನ ಮರಕ್ಕೆ ಎರಡು ಇಂಚು. ಬಾಗಿಲಿಗೆ ಕೀಲು ಇದ್ದ ಹಾಗೆ ಅದು, ಮರ ಯಾವ ಕಡೆ ಹೋಗಬೇಕು ಅಂತ ಹಿಡಿದುಕೊಳ್ಳುವುದು ಅದೊಂದೇ. ಮುಳ್ಳು ಚೆನ್ನಾಗಿ ಊರಿದ್ದರೆ ಅದನ್ನೇ ನಡುವಾಗಿಟ್ಟುಕೊಂಡು ಬಾರನ್ನು ಬಾಗಿಲು ಮುಚ್ಚಿದ ಹಾಗೆ ತಿರುಗಿಸಬಹುದು, ಕೀಲು ಎರಡೂ ತುದಿಗೆ ಒಂದೇ ದಪ್ಪ ಬರುತ್ತದೆ. ಮೊಂಡು ಮುಳ್ಳಿನಲ್ಲಿ ಇಷ್ಟು ಸಮ ನನಗೆ ಯಾವತ್ತೂ ಬಂದಿರಲಿಲ್ಲ. ಆದರೆ ಬಾರ್ ಎಷ್ಟು ಸಲೀಸಾಗಿ ಹೋಗುತ್ತದೆ ಅಂದರೆ ನಿಲ್ಲಿಸುವ ಮೊದಲೇ ಕೀಲನ್ನೂ ಕೊಯ್ದುಬಿಟ್ಟಿರುತ್ತೀರಿ. ಹೊಸ ಮುಳ್ಳು ಹಾಕಿದ ಮೊದಲ ವಾರ ನಾನು ಒಂದು ಸಿಲ್ವರ್ ಓಕ್‌ನ ಕೀಲನ್ನು ಬಲಗಡೆ ಪೂರ್ತಿ ಕಡಿದೆ. ಮರ ಎಡಕ್ಕೆ ವಾಲಿ ನಾಲ್ಕು ಕಾಫಿ ಗಿಡ ಮುರಿಯಿತು. ಗಿಡವೇ ಹೋಗಿದ್ದು, ಪುಣ್ಯ. ಈಗ ಬಳಪದಲ್ಲಿ ಮರದ ಎರಡೂ ಬದಿಗೆ ಗೆರೆ ಎಳೆದಿಟ್ಟುಕೊಳ್ಳುತ್ತೇನೆ. ಗೆರೆಗೆ ಒಂದು ಇಂಚು ಇರುವಾಗಲೇ ಮೀಟುವುದು ಬಂದ್, ಬೆಣೆ ಶುರು.

ಬೀಟೆ, ಹೊನ್ನೆಯಂಥ ಮರಕ್ಕೆ ಮಿಷನ್ ಹಿಡಿಯುವ ಮೊದಲು ಅರಣ್ಯ ಇಲಾಖೆಯ ಅನುಮತಿ ಬೇಕು. ಸಿಲ್ವರ್ ಓಕ್ ಆದರೂ ಸಾಗಿಸುವ ಮೊದಲು ರೇಂಜ್ ಆಫೀಸಿನಲ್ಲಿ ಒಂದು ಮಾತು ಕೇಳಿ.

ಕೊನೆಗೆ ಹೊರುವ ಮಾತು. ಮೊಂಡು ಮುಳ್ಳಿದ್ದಾಗ ಮಿಷನ್ನನ್ನು ಹೆಗಲ ಮೇಲೆ ಹಾಕಿಕೊಂಡು ಗುಡ್ಡ ಹತ್ತುತ್ತಿದ್ದೆವು. ಈಗ ಹಾಗೆ ಹಾಕಿಕೊಂಡರೆ ಆ ನಾಲ್ಕು ಹಲ್ಲು ಸೀದಾ ಕುತ್ತಿಗೆಯ ಪಕ್ಕ. ಕೈಯಲ್ಲಿ ಹಿಡಿದು ನಡೆದರೆ ಪ್ಯಾಂಟಿಗೆ ಸಿಕ್ಕುತ್ತದೆ, ನನ್ನ ಎರಡು ಪ್ಯಾಂಟ್ ಹಾಗೇ ಹೋಗಿವೆ. ಅಡಿಕೆ ಹಾಳೆಯನ್ನು ನೀರಲ್ಲಿ ನೆನೆಸಿ, ಮುಳ್ಳಿನ ಮೇಲೆ ಎರಡು ಸುತ್ತು ಮಡಚಿ, ಹಳೇ ಬೈಕ್ ಟ್ಯೂಬಿನ ಉಂಗುರ ಹಾಕಿ ಒಣಗಲು ಬಿಟ್ಟೆ. ಒಣಗಿದ ಮೇಲೆ ಅಳತೆ ಕೊಟ್ಟು ಹೊಲಿಸಿದ ಚೀಲದ ಹಾಗೆ ಕೂತಿತು. ಇಂಜಿನ್ ಆಫ್ ಮಾಡಿ, ಬಾರಿಗೆ ಅದರ ಕವರ್, ಮುಳ್ಳಿಗೆ ಹಾಳೆ, ಆಮೇಲೆ ನಡೆಯುವುದು. ಒಂದು ಹಾಳೆ ಒಂದು ಮಳೆಗಾಲ ಬರುತ್ತದೆ. ಮುಂದಿನ ವರ್ಷಕ್ಕೆ ತೋಟದಲ್ಲಿ ಇನ್ನೊಂದು ಬಿದ್ದಿರುತ್ತದೆ.